ನಾಲೆ ಬಿಟ್ಟು ಬರೆದ ಚಿತ್ರಗಳು

ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಅಪ್ಪ ಅಡ್ಡಪಟ್ಟಿ ಇಟ್ಟು ಮೊಳೆ ಹೊಡೆದಾಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಪಕ್ಕದಲ್ಲಿ ನಿಂತು ಮೊಳೆ ಕೊಡುವುದು ನನ್ನ ಕೆಲಸ. ಆರು ಮೊಳೆ ಕೊಟ್ಟೆ, ಅದರಲ್ಲಿ ಒಂದು ಸೊಟ್ಟಗಾಯಿತು, ಇನ್ನೊಂದು ಕೊಟ್ಟೆ. ಆ ಬಾಗಿಲು ತೆರೆದರೆ ಹಿತ್ತಲು, ಹಿತ್ತಲಿನಾಚೆ ನಮ್ಮ ಗದ್ದೆ, ಗದ್ದೆಯ ಬದುವಿನ ಮೇಲೆ ಇಳಿದುಕೊಂಡು ಹೋದರೆ ನಾಲೆ. ಆ ನಾಲೆಯಲ್ಲಿ ನನ್ನ ತಂಗಿ ಮಣಿ ಮುಳುಗಿ ಹೋಗಿ ಹದಿಮೂರು ದಿನವಾಗಿತ್ತು. ಅವಳಿಗೆ ಆರು ವರ್ಷ. ಇನ್ನು ಮುಂದೆ ಅವ್ವನ ಕಣ್ಣಿಗೆ ನಾಲೆ ಬೀಳಬಾರದು ಎಂದು ಅಪ್ಪನೂ ಅಜ್ಜಿಯೂ ಸೇರಿ ತೀರ್ಮಾನ ಮಾಡಿದ್ದರು. ಅವ್ವ ಒಳಗೆ ಒಲೆ ಮುಂದೆ ಕೂತಿದ್ದಳು. ಸುತ್ತಿಗೆಯ ಸದ್ದಿಗೆ ಅವಳು ತಿರುಗಿಯೂ ನೋಡಲಿಲ್ಲ. ಆ ಬಾಗಿಲನ್ನು ಆಮೇಲೆ ಯಾರೂ ತೆಗೆಯಲಿಲ್ಲ. ಎಷ್ಟೋ ವರ್ಷಗಳ ನಂತರ ಮನೆ ಕೆಡವಿದಾಗ, ಹಳೇ ಬಾಗಿಲು ಕೊಳ್ಳಲು ಬಂದವನು ಹಾರೆ ಹಾಕಿ ಮೀಟಿ ಒಯ್ದನಂತೆ.

ಮೊಳೆ ಹೊಡೆದ ಮೇಲೆ ಮನೆಯ ಓಡಾಟವೆಲ್ಲ ದಿಕ್ಕು ಬದಲಿಸಿತು. ಮುಸುರೆ ಪಾತ್ರೆ, ಒಲೆಯ ಬೂದಿ, ಅಕ್ಕಿ ತೊಳೆದ ನೀರು, ಎಲ್ಲವನ್ನೂ ಅಡಿಗೆ ಮನೆಯಿಂದ ನಡುಮನೆಗೆ, ಅಲ್ಲಿಂದ ಪಡಸಾಲೆಗೆ, ಪಡಸಾಲೆಯಿಂದ ಬೀದಿಗೆ ತಂದು ಮನೆ ಸುತ್ತಿಕೊಂಡು ಹಿತ್ತಲಿಗೆ ಹೋಗಬೇಕು. ಮಾಡಿನಲ್ಲಿದ್ದ ಒಂದೇ ಗಾಜಿನ ಹೆಂಚಿನ ಬೆಳಕಿನಲ್ಲಿ ಅಡಿಗೆ. ಒಲೆಯ ಹೊಗೆಗೆ ಹೋಗಲು ದಾರಿಯಿಲ್ಲದೆ ನಡುಮನೆಯಲ್ಲಿ ನೇತುಹಾಕಿದ ಬಟ್ಟೆಗಳೆಲ್ಲ ಹೊಗೆ ನಾರುತ್ತಿದ್ದವು. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಬಾಗಿಲು ಯಾಕೆ ಮುಚ್ಚಿದಿರಿ ಎಂದು ಯಾರಾದರೂ ಕೇಳಿದರೆ ಅಜ್ಜಿ, "ಆವು ಬತ್ತವೆ ಕಣವ್ವ, ಗದ್ದೆ ಕಡೆಯಿಂದ" ಅನ್ನುತ್ತಿದ್ದಳು. ಹಾವು ಬೀದಿ ಕಡೆಯಿಂದಲೂ ಬರುತ್ತಿದ್ದವು. ಅದನ್ನು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಅವತ್ತಿನ ವಿಷಯ ನನಗೆ ಗೊತ್ತಿರುವುದು ಇಷ್ಟು. ಅವ್ವ ನಾಲೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಮಣಿ ಪಕ್ಕದಲ್ಲೇ ಕೂತಿದ್ದಳು. ಅವ್ವ ಒಂದು ಸೀರೆ ಹಿಂಡಿ ತಿರುಗುವಷ್ಟರಲ್ಲಿ ಮೆಟ್ಟಿಲು ಖಾಲಿಯಾಗಿತ್ತು. ಇದನ್ನೂ ಅವ್ವ ಹೇಳಿದ್ದಲ್ಲ, ಜೊತೆಯಲ್ಲಿದ್ದ ಹೆಂಗಸರು ಹೇಳಿದ್ದು. ನಾನು ಮನೆಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದೆ. ಮಣಿಯನ್ನು ತಂದು ಜಗಲಿಯ ಮೇಲೆ ಮಲಗಿಸಿದರು. ಅವಳ ಒಂದು ಕಾಲಿನಲ್ಲಿ ಗೆಜ್ಜೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ನಾನು ನೋಡಿದೆ. ನೋಡುತ್ತಲೇ ಕೈಯಲ್ಲಿದ್ದ ಕಡಲೆಕಾಯಿ ಒಡೆದು ಬೀಜ ಬಾಯಿಗೆ ಹಾಕಿಕೊಂಡೆ. ಹಸಿವಾಗಿತ್ತು ಅಂತಲ್ಲ. ಕೈ ಅದನ್ನು ಮಾಡುತ್ತಿತ್ತು, ಮಾಡುತ್ತಲೇ ಹೋಯಿತು. ಬೀದಿಯ ಹೆಂಗಸೊಬ್ಬಳು ಕಂಡುಬಿಟ್ಟಳು.

"ನೋಡ್ರವ್ವ, ಒಡಹುಟ್ಟಿದ್ದು ಇಲ್ಲಿ ಸತ್ ಮಲ್ಗದೆ, ಇವ್ಳು ಕಳ್ಳೆಕಾಯಿ ತಿಂತಾವ್ಳೆ. ಅದೆಂತಾ ಕಲ್ಲೆದೆ ಕೊಟ್ಟವ್ನೊ ದೇವ್ರು."

ಆ ಮಾತು ಊರಲ್ಲಿ ಉಳಿಯಿತು. ನಾನೂ ಅದನ್ನು ನಂಬಿದೆ. ಅಳು ಬರಲಿ ಎಂದು ಕಣ್ಣು ಉಜ್ಜಿಕೊಂಡೆ, ಮಣಿಯ ಹಳೇ ಲಂಗ ತೆಗೆದು ಮೂಸಿ ನೋಡಿದೆ, ಅವಳ ಹೆಸರನ್ನು ಒಬ್ಬಳೇ ಹತ್ತು ಸಲ ಹೇಳಿದೆ. ಏನೂ ಆಗಲಿಲ್ಲ. ಸ್ಕೂಲಿಗೆ ಹೋದೆ, ಮಗ್ಗಿ ಒಪ್ಪಿಸಿದೆ, ಬಂದು ಮುದ್ದೆ ಉಂಡೆ.

ಮನೆಯಲ್ಲಿ ಬದಲಾದ ಇನ್ನೊಂದು ಸಂಗತಿ ಎಂದರೆ ಜಗಳ ನಿಂತುಹೋದದ್ದು. ಅದಕ್ಕೆ ಮುಂಚೆ ಅವ್ವನಿಗೂ ಅಜ್ಜಿಗೂ ದಿನಕ್ಕೊಂದು ಜಗಳ ಆಗಲೇಬೇಕು. ಉಪ್ಸಾರಿಗೆ ಖಾರ ಜಾಸ್ತಿ ಎಂದು ಒಂದು ದಿನ, ಮುದ್ದೆ ಗಂಟುಗಂಟು ಎಂದು ಒಂದು ದಿನ, ಹಾಲಿಗೆ ಹೆಪ್ಪು ಹಾಕಿದ್ದು ಯಾರು ಎಂದು ಇನ್ನೊಂದು ದಿನ.

"ನಿಮ್ಮವ್ವ ಕಲ್ಸಿದ್ದು ಇದೇಯಾ? ಬೆಳಕವಾಡಿಲಿ ಇಂಗೇಯಾ ಮುದ್ದೆ ತಿರುವಾದು?"

"ಬೆಳಕವಾಡಿ ಸುದ್ದಿಗ್ ಬರ್ಬೇಡಿ ಅತ್ತೆ. ತಿನ್ನಕ್ಕಾಗ್ದಿದ್ರೆ ನೀವೇ ತಿರುವ್ಕಳಿ."

ಹೀಗೆ ಶುರುವಾದರೆ ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ, ನಾನೂ ಮಣಿಯೂ ಕಂಬದ ಹಿಂದೆ ನಿಂತು ಇಬ್ಬರ ಹಾಗೆಯೂ ಕೈ ತಿರುಗಿಸಿ ಅಣಕ ಮಾಡಿ ನಗುತ್ತಿದ್ದೆವು. ಮಣಿ ಹೋದ ಮೇಲೆ ಅಜ್ಜಿ ಸೊಸೆಗೆ ಒಂದು ಮಾತೂ ಆಡಲಿಲ್ಲ. ಉಪ್ಪೇ ಇಲ್ಲದ ಸಾರನ್ನು ಮೂರು ದಿನ ಸುಮ್ಮನೆ ಉಂಡಳು. ಅವ್ವನೂ ಅಷ್ಟೆ. ಕೇಳಿದ್ದಕ್ಕೆ "ಊಂ", ಇಲ್ಲವಾದರೆ "ಇಲ್ಲ". ತವರಿಗೆ ಹೋಗುವಾಗ ನಾಲೆಯ ಸೇತುವೆ ಸಿಗುತ್ತದೆ ಎಂದು ಅಪ್ಪ ಅವಳನ್ನು ಗದ್ದೆ ಮೇಲೆ ಸುತ್ತಿಸಿ ಹನಕೆರೆ ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತಿದ್ದ. ರೈಲಿನಲ್ಲಿ ಮದ್ದೂರು, ಅಲ್ಲಿಂದ ಬಸ್ಸಿನಲ್ಲಿ ಮಳವಳ್ಳಿ, ಬೆಳಕವಾಡಿ. ದಾರಿಯುದ್ದಕ್ಕೂ ಹತ್ತು ಕಡೆ ಕಾಲುವೆ ದಾಟುತ್ತದೆ ಬಸ್ಸು. ಅಪ್ಪ ಅವ್ವನನ್ನು ಕಿಟಕಿ ಬಿಟ್ಟು ಈಚೆ ಕೂರಿಸುತ್ತಿದ್ದ. ಮಂಡ್ಯ ಸೀಮೆಯಲ್ಲಿ ಹೆಂಗಸೊಬ್ಬಳ ಕಣ್ಣಿಗೆ ನೀರು ಬೀಳದ ಹಾಗೆ ಸಂಸಾರ ಮಾಡಲು ಹೊರಟಿದ್ದ ನನ್ನ ಅಪ್ಪ. ಈಗ ನೆನೆದರೆ ಪಾಪ ಅನಿಸುತ್ತದೆ.

ಮರುವರ್ಷ ಸ್ಕೂಲು ಶುರುವಾದಾಗ ನಮ್ಮ ಮನೆಯ ಮುಂದಿನ ಕೋಣೆಗೆ ಪುಟ್ಟಸ್ವಾಮಿ ಮೇಷ್ಟ್ರು ಬಾಡಿಗೆಗೆ ಬಂದರು. ಮಳವಳ್ಳಿಯವರು, ಹೈಸ್ಕೂಲಿಗೆ ವರ್ಗವಾಗಿ ಬಂದ ಡ್ರಾಯಿಂಗ್ ಮೇಷ್ಟ್ರು. ಸಣ್ಣ ಆಳು, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ಲು. ಅವರಿಗೆ ಮಣಿಯ ವಿಷಯ ಯಾರೂ ಹೇಳಲಿಲ್ಲ. ಊರಿನವರು ಹೇಳಿರುತ್ತಾರೆ ಎಂದು ಮನೆಯವರು, ಮನೆಯವರು ಹೇಳಿರುತ್ತಾರೆ ಎಂದು ಊರಿನವರು ಸುಮ್ಮನಿದ್ದರು. ಸಂಜೆ ಅವರು ಜಗಲಿಯ ಮೇಲೆ ಹಲಗೆ ಇಟ್ಟುಕೊಂಡು ಬಣ್ಣ ಹಚ್ಚುವಾಗ ನಾನು ಹೋಗಿ ನಿಲ್ಲುತ್ತಿದ್ದೆ. ಮಾತಾಡುತ್ತಿರಲಿಲ್ಲ, ನಿಲ್ಲುತ್ತಿದ್ದೆ ಅಷ್ಟೆ. ನಾಲ್ಕನೆಯ ದಿನವೋ ಐದನೆಯ ದಿನವೋ ಅವರು ಒಂದು ಹಳೇ ಲಗ್ನಪತ್ರಿಕೆ ತೆಗೆದು, ಬ್ಲೇಡಿನಿಂದ ನಡುವೆ ಚೌಕವಾಗಿ ಕೊಯ್ದು, ಉಳಿದ ಚೌಕಟ್ಟನ್ನು ನನ್ನ ಕೈಗೆ ಕೊಟ್ಟರು. ಮೂಲೆಯಲ್ಲಿ ಗಣಪತಿ ಉಳಿದಿದ್ದ, ವಧೂವರರು ಹೋಗಿದ್ದರು.

"ಇದ ಕಣ್ ಮುಂದೆ ಇಡ್ಕೊ. ಏನ್ ಕಾಣ್ತದೆ?"

"ಎದುರುಮನೆ ನುಗ್ಗೆ ಮರ."

"ಇನ್ನೇನು ಕಾಣ್ತದೆ?"

"ಇನ್ನೇನಿಲ್ಲ."

"ಅಷ್ಟೇ ಬೇಕಾಗಿರಾದು. ಒಳಗ್ ಬಂದದ್ದು ಚಿತ್ರ. ಆಚೆ ಉಳಿದದ್ದು ಊರು. ಊರ್ನೆಲ್ಲ ಬರಿಯಕ್ಕೆ ಹೊಂಟ್ರೆ ಚಿತ್ರ ಕೆಡ್ತದೆ."

ಆ ಕಾರ್ಡನ್ನು ನಾನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ. ಅದನ್ನು ಎತ್ತಿ ಹಿಡಿದರೆ ಸಾಕು, ಉಳಿದದ್ದೆಲ್ಲ ಕಣ್ಣಿಂದ ಆಚೆಗೆ ಹೋಗುತ್ತಿತ್ತು. ನನಗೆ ಅದು ಬಹಳ ಹಿಡಿಸಿತು. ಅಡಿಗೆ ಮನೆಯಲ್ಲಿ ನಿಂತು ಒಲೆಯನ್ನು ಮಾತ್ರ ನೋಡಬಹುದು, ಮೊಳೆ ಹೊಡೆದ ಬಾಗಿಲನ್ನು ಬಿಡಬಹುದು. ಅವ್ವನ ಕೈಯನ್ನು ಮಾತ್ರ ನೋಡಬಹುದು, ಮುಖವನ್ನು ಬಿಡಬಹುದು. ಕಲಿಯುವುದಕ್ಕಿಂತ ಬಿಡುವುದರಲ್ಲೇ ನನಗೆ ಆಸೆ ಇತ್ತು ಅಂತ ಈಗ ಗೊತ್ತಾಗುತ್ತದೆ. ಈಗ ನಾನೂ ಡ್ರಾಯಿಂಗ್ ಟೀಚರಾಗಿ ದುಡಿದು, ನಿವೃತ್ತಳಾಗಿ, ಮಂಡ್ಯದ ಮನೆಯಲ್ಲಿ ಭಾನುವಾರ ಬರುವ ನಾಲ್ಕು ಮಕ್ಕಳಿಗೆ ಕಲಿಸುತ್ತೇನೆ. ಅವು ಫೋನಿನಲ್ಲಿ ಫೋಟೊ ತೆಗೆದು ಬೇಡದ್ದನ್ನು ಬೆರಳಲ್ಲೇ ಕತ್ತರಿಸಿ ತರುತ್ತವೆ. ಏನು ಕತ್ತರಿಸಿದೆ, ತೋರಿಸು ಎಂದು ನಾನು ಕೇಳುತ್ತೇನೆ. ಮಕ್ಕಳಿಗೆ ಈ ಮುದುಕಿಗೆ ಏನಾಗಿದೆ ಅನಿಸುತ್ತದೆ.

ಮೇಷ್ಟ್ರು ಕಲಿಸಿದ ಕ್ರಮ ಹೀಗೆ. ಊರ ಕಣದ ಪಕ್ಕ ಒಂದು ದಿಣ್ಣೆ ಇತ್ತು. ಅದರ ಮೇಲೆ ನಿಂತರೆ ಗದ್ದೆಗಳು ಒಂದಕ್ಕಿಂತ ಒಂದು ತಗ್ಗಾಗಿ ಇಳಿಯುವುದು, ಅದರಾಚೆ ನಾಲೆ, ನಾಲೆಯಾಚೆ ತೆಂಗಿನ ಸಾಲು, ಕೊನೆಗೆ ಟಾರು ರಸ್ತೆಯ ಏರಿ, ಎಲ್ಲ ಕಾಣುತ್ತಿತ್ತು. ಅಲ್ಲಿ ಕೂತು ಬರೆಯಬೇಕು. ನಾನು ಮೊದಲು ಹಾಳೆಯ ನಟ್ಟನಡುವೆ ಒಂದು ಗೆರೆ ಎಳೆದು ಮೇಲೆ ಆಕಾಶ, ಕೆಳಗೆ ಭೂಮಿ ಮಾಡಿದೆ. ಅವರು ತಲೆ ಚಚ್ಚಿಕೊಂಡರು.

"ಅದೇನಮ್ಮಿ, ಆಕಾಸಕ್ಕೂ ಭೂಮಿಗೂ ಸಮಪಾಲು ಮಾಡ್ಬುಟ್ಟಿದ್ದೀಯ? ಅಣ್ತಮ್ಮದಿರು ಆಸ್ತಿ ಇಸ್ಸೆ ಮಾಡ್ಕಂಡಂಗೆ? ಯಾರಿಗಾರ ಒಬ್ರಿಗೆ ಜಾಸ್ತಿ ಕೊಡು. ಇವತ್ತು ಮೋಡ ಚೆನ್ನಾಗದೆ, ಆಕಾಸಕ್ಕೆ ಕೊಡು."

ಹತ್ತಿರದ್ದು ಕಪ್ಪು, ದೂರದ್ದು ಮಾಸಲು. ದಾರಿಯನ್ನು ಹಾಳೆಯ ಮೂಲೆಗೆ ಒಯ್ದು ಬಿಡಬಾರದು, ನೋಡುವವರ ಕಣ್ಣು ಅಲ್ಲಿಂದ ಜಾರಿ ಆಚೆ ಹೋಗಿಬಿಡುತ್ತದೆ. ಮೂರು ಮರ ಬರೆದರೆ ಮೂರೂ ಒಂದೇ ಎತ್ತರ ಬೇಡ, ಎರಡು ಕೂಡಿ ನಿಲ್ಲಲಿ, ಒಂದು ದೂರ ನಿಲ್ಲಲಿ. ಇದನ್ನೆಲ್ಲ ನಾನು ಮಗ್ಗಿಯ ಹಾಗೆ ಕಲಿತೆ. ಖುಷಿಯಾಗುತ್ತಿತ್ತು ಎಂದು ಹೇಳಲಾರೆ. ಕೈಗೆ ಕೆಲಸ ಸಿಕ್ಕಿತ್ತು, ಹೊತ್ತು ಹೋಗುತ್ತಿತ್ತು.

ಒಂದು ಸಂಜೆ ಅಪ್ಪ ಜಗಲಿಗೆ ಬಂದವನು ನನ್ನ ಹಾಳೆಯ ಮುಂದೆ ನಿಂತ. ಎಡಗಡೆ ದೊಡ್ಡದೊಂದು ಆಲದ ಮರ, ಅದರ ಕೆಳಗೆ ಗಾಡಿ, ಬಲಗಡೆ ಏನೂ ಇಲ್ಲ. ಅಪ್ಪ ಕಬ್ಬಿನ ಗಾಡಿ ಹೊಡೆಯುತ್ತಿದ್ದವನು. ಸ್ವಲ್ಪ ಹೊತ್ತು ನೋಡಿ ಅಂದ:

"ಮುಂಬಾರ ಆಗದೆ ಮೇಸ್ಟ್ರೆ, ಬಾರ ಎಲ್ಲ ಒಂದೇ ಕಡೆ. ಇಂಗ್ ಕಬ್ಬ್ ಏರುದ್ರೆ ಎತ್ತಿನ್ ಕತ್ತು ಮುರ್ದೋಯ್ತದೆ. ಇತ್ತಾಗೆ ಒಸಿ ಏನಾರ ಮಡಗ್ಸಿ."

"ಏನ್ ಮಡಗ್ಸನ ಗೌಡ್ರೆ?"

"ಏನಾರ. ಜಾಸ್ತಿ ಬ್ಯಾಡ. ದೂರ್ದಲ್ಲಿ ಮಡಗುದ್ರೆ ಸಣ್ಣದೇ ಸಾಕು, ಸನ್ನೆ ಕೋಲ್ ಇದ್ದಂಗೆ."

ಮೇಷ್ಟ್ರು ಎದ್ದು ನಿಂತು ಅಪ್ಪನಿಗೆ ಕೈ ಮುಗಿದರು, ತಮಾಷೆಗಲ್ಲ. ಬಲಗಡೆ ದೂರದಲ್ಲಿ ನಾನು ಬೆರಳ ತುದಿಯಷ್ಟು ಕೊಕ್ಕರೆ ಇಟ್ಟೆ. ಚಿತ್ರ ನಿಂತಿತು. ಒಂದು ವರ್ಷದಲ್ಲಿ ಅಪ್ಪ ಅಷ್ಟು ಮಾತಾಡಿದ್ದು ಅದೇ ಮೊದಲು. ಒಳಗೆ ಅಜ್ಜಿ ಅವ್ವನಿಗೆ, "ಗಂಡ ಮಾತಾಡ್ತಾವ್ನೆ ಕೇಳು" ಎಂದು ಮೆಲ್ಲಗೆ ಹೇಳಿದ್ದು ಕೇಳಿಸಿತು.

ಆದರೆ ನನ್ನ ಚಿತ್ರಗಳಲ್ಲಿ ನಾಲೆ ಇರಲಿಲ್ಲ. ದಿಣ್ಣೆಯ ಮೇಲಿಂದ ಎದ್ದು ಕಾಣುವುದೇ ಅದು. ಬೆಳಗಿನ ಬಿಸಿಲಿನಲ್ಲಿ ಇಡೀ ಗದ್ದೆ ಬಯಲಿಗೆ ಅದೊಂದೇ ಹೊಳೆಯುತ್ತಿತ್ತು. ನಾನು ಕಾರ್ಡನ್ನು ಎತ್ತರಿಸಿ ಬಿಟ್ಟುಬಿಡುತ್ತಿದ್ದೆ. ಎತ್ತರಿಸಿದರೂ ಬಿಡದಿದ್ದರೆ ಅದಿರುವ ಜಾಗಕ್ಕೆ ಕಬ್ಬು ಬರೆಯುತ್ತಿದ್ದೆ. ಹಾಳೆಗಳನ್ನು ಮನೆಗೆ ತರಬೇಕಲ್ಲ, ಅವ್ವನ ಕಣ್ಣಿಗೆ ಬಿದ್ದರೆ? ಈ ಎಚ್ಚರವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ ನಾನು ಹಾಳೆಯ ಮೇಲೆ ಮಾಡಿದೆ. ಹೀಗೆ ಇಪ್ಪತ್ತೋ ಮೂವತ್ತೋ ಚಿತ್ರ ಆದ ಮೇಲೆ ಒಂದು ಮಧ್ಯಾಹ್ನ ಮೇಷ್ಟ್ರು ಎಲ್ಲವನ್ನೂ ಜಗಲಿಯ ಮೇಲೆ ಸಾಲಾಗಿ ಹಾಸಿದರು. ಪಡಸಾಲೆಯಲ್ಲಿ ಅವ್ವ ರಾಗಿ ಕೇರುತ್ತಿದ್ದಳು.

"ಎಲ್ಲಾ ಸರಿಯಾಗದೆ. ಆದ್ರೆ ನಾನೂ ಆ ದಿಣ್ಣೆ ಮೇಲೆ ಕೂತಿವ್ನಿ ಕಣಮ್ಮಿ. ಅಷ್ಟ್ ದೊಡ್ಡ ನಾಲೆ ಎಲ್ಲೋಯ್ತು? ನಿಮ್ಮೂರಲ್ಲಿ ಎಲ್ ನೋಡುದ್ರೂ ಬರೀ ಕಬ್ಬೇಯಾ?"

ಮೊರದ ಸದ್ದು ನಿಂತಿತು. ನಾನು ಬಾಗಿಲ ಕಡೆ ನೋಡಲಿಲ್ಲ. ಅಜ್ಜಿ ಒಳಗಿಂದ ದಡದಡ ಬಂದು ನನ್ನ ರಟ್ಟೆ ಹಿಡಿದು ಎಳೆದಳು. ಸ್ವಲ್ಪ ಹೊತ್ತಿನ ಮೇಲೆ ಮೊರದ ಸದ್ದು ಮತ್ತೆ ಶುರುವಾಯಿತು, ಮೊದಲಿನ ಹಾಗೆಯೇ. ಸಂಜೆ ಅಪ್ಪ ಮೇಷ್ಟ್ರನ್ನು ಬೀದಿಯ ತುದಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದ. ವಾಪಸು ಬಂದ ಮೇಷ್ಟ್ರು ಆ ದಿನ ಊಟ ಮಾಡಲಿಲ್ಲ. ಮರುದಿನ ನನ್ನ ಹತ್ತಿರ ಬಂದು, "ಬುಡವ್ವ ಅಂಗಾರೆ. ಕಬ್ಬೇ ಇರ್ಲಿ" ಅಂದರು. ವಾರಗಟ್ಟಲೆ ನನ್ನ ಹಾಳೆಗಳನ್ನು ನೋಡಿ ಸುಮ್ಮನೆ ತಲೆಯಾಡಿಸುತ್ತಿದ್ದರು. ಆದರೆ ತಪ್ಪು ಚಿತ್ರ ನೋಡಿ ಸುಮ್ಮನಿರುವುದು ಅವರ ಮೈಗೆ ಒಗ್ಗದ ಕೆಲಸ. ಒಂದು ದಿನ ದಿಣ್ಣೆಯ ಮೇಲೆ, ಬೇರೆ ಯಾರೂ ಇಲ್ಲದಾಗ, ನೆಲ ನೋಡಿಕೊಂಡು ಹೇಳಿದರು:

"ತಪ್ ತಿಳ್ಕಬೇಡ ಕಣವ್ವ. ನೀನು ನೀರ್ ತಗುದ್ಬುಟ್ಟೆ, ಸರಿ. ಆದ್ರೆ ಗದ್ದೆಯೆಲ್ಲ ಅಲ್ಲಿಗೇ ಇಳೀತಾ ಅವೆ. ಬದ ಎಲ್ಲ ಅಲ್ಲಿಗೇ ಓಯ್ತವೆ. ತೆಂಗಿನ್ ಮರ ಅತ್ಲಾಗೇ ಬಾಗವೆ. ಅಲ್ಲಿ ಏನೂ ಇಲ್ದಿದ್ರೆ ಇವೆಲ್ಲ ಯಾಕೆ ಅತ್ತ ನೋಡ್ತವೆ ಅಂತ ನೋಡ್ದವ್ರು ಕೇಳ್ತಾರೆ. ನೀರ್ ಬ್ಯಾಡ ಅಂದ್ರೆ ನೀನು ಇಡೀ ಊರ್ನೇ ಬ್ಯಾರೆ ಬರೀಬೇಕಾಯ್ತದೆ."

ನನಗೆ ಅವರ ಮೇಲೆ ಸಿಟ್ಟು ಬಂತು. ಒಂದು ವರ್ಷದ ಮೇಲೆ ನನಗೆ ಬಂದ ಮೊದಲ ಸಿಟ್ಟು ಅದು. ಬಣ್ಣದ ಡಬ್ಬಿ ಮುಚ್ಚಿ, ಹೇಳದೆ ಕೇಳದೆ ಎದ್ದು ಬಂದೆ. ಬಂದು ನನ್ನ ಚಿತ್ರಗಳನ್ನು ತೆಗೆದು ನೋಡಿದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಪ್ರತಿಯೊಂದರಲ್ಲೂ ಎಲ್ಲವೂ ಆ ಕಬ್ಬಿನ ತೇಪೆಯ ಕಡೆಗೇ ಹೋಗುತ್ತಿತ್ತು. ನೋಡಿದರೆ ಸಾಕು ಗೊತ್ತಾಗುವ ಹಾಗಿತ್ತು.

ನಾನು ನಾಲೆಯನ್ನು ಬರೆದೆ. ಅಪ್ಪ, ಅಜ್ಜಿ ಮದುವೆಗೆ ಹೋಗಿದ್ದ ಒಂದು ಶನಿವಾರ, ಮೇಷ್ಟ್ರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬರೆದೆ. ದಿಣ್ಣೆಯಿಂದ ಕಾಣುವ ನಾಲೆಯಲ್ಲ, ಹತ್ತಿರದ್ದು, ಏರಿಯ ಕೆಳಗೆ ಬಟ್ಟೆ ಒಗೆಯುವ ಜಾಗದ್ದು. ಮಣಿ ಹೋದಂದಿನಿಂದ ನಾನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ನೆನಪಿನಿಂದಲೇ ಬರೆದೆ. ಏಳು ಮೆಟ್ಟಿಲು, ಎಡಗಡೆಯಿಂದ ಬಾಗಿ ನೀರು ಮುಟ್ಟುವ ಹೊಂಗೆಯ ಕೊಂಬೆ, ಆಚೆ ದಡದಲ್ಲಿ ಹುಲ್ಲು. ಆಕಾಶಕ್ಕೆ ಸ್ವಲ್ಪವೇ ಜಾಗ ಕೊಟ್ಟೆ, ನೀರಿಗೆ ಬಹಳ ಕೊಟ್ಟೆ. ಹೊಂಗೆಯ ಭಾರಕ್ಕೆ ಎದುರಾಗಿ ಬಲಗಡೆ ದೂರದಲ್ಲಿ ಸೇತುವೆಯ ಒಂದು ಕಮಾನು. ಮೆಟ್ಟಿಲ ಮೇಲೆ ಯಾರನ್ನೂ ಬರೆಯಲಿಲ್ಲ. ಮೇಷ್ಟ್ರು ತಮ್ಮ ಊರಿಂದ ಬಂದು ನೋಡಿ ಏನೂ ತಿದ್ದಲಿಲ್ಲ. "ಜ್ವಾಪಾನವಾಗಿ ಮಡಿಕ್ಕೊ" ಅಂದರು. ನಾನು ಅದನ್ನು ಸುರುಳಿ ಸುತ್ತಿ ಅಟ್ಟದ ಮೇಲೆ ರಾಗಿ ಮೂಟೆಯ ಹಿಂದೆ ತುರುಕಿದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಮುಂದಿನ ವರ್ಷದ ಮಾರ್ನಮಿ ಹಬ್ಬಕ್ಕೆ ಸುಣ್ಣ ಬಳಿಯಲು ಅಟ್ಟ ಖಾಲಿ ಮಾಡುತ್ತಾರೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಸ್ಕೂಲು ಬಿಟ್ಟು ಬಂದಾಗ ಮನೆಯ ಸಾಮಾನೆಲ್ಲ ಬೀದಿಯಲ್ಲಿತ್ತು. ಪಡಸಾಲೆಯಲ್ಲಿ ಅವ್ವ ಕಾಲು ಚಾಚಿ ಕೂತಿದ್ದಳು, ತೊಡೆಯ ಮೇಲೆ ನನ್ನ ಚಿತ್ರ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಪ್ಪನ ಕೈಯಲ್ಲಿದ್ದ ಕುಂಚದಿಂದ ಸುಣ್ಣ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನನ್ನನ್ನು ಕಂಡವನೇ ಅಪ್ಪ ಹಲ್ಲು ಕಚ್ಚಿದ. ಇವತ್ತು ಈ ಮನೆ ಮುಗಿಯಿತು, ಮುಗಿಸಿದವಳು ನಾನು ಎಂದು ನನಗೆ ಅನಿಸಿತು. ಅವ್ವ ಬಾವಿಗೆ ಬೀಳುತ್ತಾಳೆ, ಹುಚ್ಚಿಯಾಗುತ್ತಾಳೆ, ಇವೇ ಮಾತುಗಳನ್ನು ಅಜ್ಜಿ ಎರಡು ವರ್ಷದಿಂದ ಪಿಸುಗುಡುತ್ತಿದ್ದಳು. ಅಪ್ಪ ಕೈ ಚಾಚಿದ.

"ಕೊಡು ಅದ ಇತ್ಲಾಗೆ. ನೋಡ್ಬೇಡ."

ಅವ್ವ ಕೊಡಲಿಲ್ಲ. ಬೆರಳಿನಿಂದ ಮೆಟ್ಟಿಲನ್ನು ಒಂದೊಂದಾಗಿ ಮುಟ್ಟಿದಳು. ಆಮೇಲೆ ನನ್ನ ಕಡೆ ನೋಡಿ, ಸಾರಿಗೆ ಉಪ್ಪು ಸಾಲದು ಎನ್ನುವ ದನಿಯಲ್ಲಿ ಹೇಳಿದಳು:

"ಏಳು ಇಲ್ಲ ಕಣಮ್ಮಿ ಈಗ. ಮೇಗಡೆ ಎರಡು ಕುಸ್ದೋಗವೆ, ಅಲ್ಲೊಂದು ಚಪ್ಡಿ ಮಡಗವ್ರೆ. ಈ ಹೊಂಗೆ ಕೊಂಬೆನೂ ಇಲ್ಲ. ಓದ್ ಬ್ಯಾಸ್ಗೇಲಿ ಕಡುದ್ರು."

ಹೋದ ಬೇಸಿಗೆ ಎಂದರೆ ಮಣಿ ಹೋಗಿ ಒಂದೂವರೆ ವರ್ಷದ ಮೇಲೆ. ಅಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕೇಳಿದ:

"ನಿಂಗೆ ಎಂಗ್ ಗೊತ್ತು?"

"ದಿನಾ ಓಯ್ತೀನಲ್ಲ."

"ದಿನಾನಾ?"

"ಸಗ್ಣಿ ಮಕ್ರಿ ತಿಪ್ಪೆಗ್ ಆಕ್ಬುಟ್ಟು ಅಂಗೇ ಓಯ್ತೀನಿ. ಒಸಿ ಒತ್ತು ಕೂತಿದ್ದು ಬತ್ತೀನಿ."

ಅವ್ವ ಬೆಳಗ್ಗೆ ತಿಪ್ಪೆಗೆ ಹೋಗಿ ಬರಲು ಹೊತ್ತು ಮಾಡುತ್ತಾಳೆ ಎನ್ನುವುದು ನಮಗೆಲ್ಲ ಗೊತ್ತಿತ್ತು. ತಲೆಯ ಮೇಲೆ ಸಗಣಿ ಮಕ್ಕರಿ ಹೊತ್ತ ಹೆಂಗಸನ್ನು ಎಲ್ಲಿಗೆ ಹೋಗಿದ್ದೆ ಎಂದು ಯಾರು ಕೇಳುತ್ತಾರೆ? ಅಜ್ಜಿ ಗೋಡೆ ಹಿಡಿದುಕೊಂಡು ಕೂತುಬಿಟ್ಟಳು.

"ಅಯ್ಯೋ ನನ್ ಕಂದ. ನಿನ್ ಕಣ್ಗೆ ಬೀಳ್ಬಾರ್ದು ಅಂತಲ್ವ ಬಾಗ್ಲಿಗೆ ಮೊಳೆ ಒಡ್ಸಿದ್ದು ನಾವು?"

ಅವ್ವ ನಿಜಕ್ಕೂ ಆಶ್ಚರ್ಯಪಟ್ಟಳು. ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು.

"ನನ್ಗಾ? ನಿಮ್ಗೆ ನೋಡಕ್ಕಾಗಲ್ಲ, ಅದ್ಕೆ ಒಡ್ಸವ್ರೆ ಅನ್ಕಂಡಿದ್ದೆ. ನಿಮ್ ಸಂಕಟ ಯಾಕ್ ಎಚ್ಚುಸ್ಲಿ ಅಂತ ನಾನು ಸುಮ್ಕಿದ್ದೆ."

ಅಪ್ಪ ಕುಂಚವನ್ನು ಸುಣ್ಣದ ಬಕೀಟಿಗೆ ಹಾಕಿ ಹೊರಗೆ ಹೋದ. ಜಗಲಿಯ ಮೇಲೆ ಅವನು ಅಳುವುದು ನಮಗೆಲ್ಲ ಕೇಳಿಸಿತು. ಅಪ್ಪ ಅಳುವುದನ್ನು ನಾನು ಕೇಳಿದ್ದು ಅದೊಂದೇ ಸಲ. ಅಜ್ಜಿಯೂ ಅತ್ತಳು. ನಾನು ಎರಡೂ ಸದ್ದುಗಳ ನಡುವೆ ಸ್ಕೂಲು ಚೀಲ ಹೆಗಲಲ್ಲಿಟ್ಟುಕೊಂಡು ನಿಂತಿದ್ದೆ. ನನ್ನೊಳಗೆ ಏನಾದರೂ ಅಲುಗುತ್ತದೆಯೇ ಎಂದು ಕಾದೆ. ಏನೂ ಅಲುಗಲಿಲ್ಲ. ಅವ್ವ ಚಿತ್ರವನ್ನು ಮತ್ತೆ ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟಳು. "ನಾಳಿಕ್ ನನ್ ಜೊತೆ ಬಾ. ಸರಿಯಾಗ್ ನೋಡ್ಕಂಡು ಬರಿ" ಅಂದಳು.

ಮರುದಿನ ಬೆಳಗ್ಗೆ ಹೋದೆವು. ತಿಪ್ಪೆಯ ಹತ್ತಿರ ಮಕ್ಕರಿ ಬೋರಲು ಹಾಕಿ, ಅವ್ವ ಮುಂದೆ, ನಾನು ಹಿಂದೆ, ಬದುವಿನ ಮೇಲೆ ಇಳಿದೆವು. ಏರಿ ಹತ್ತಿದ ಮೇಲೆ ನೀರು ಕಂಡಿತು, ನಾನು ಬರೆದಷ್ಟು ಅಗಲ ಇರಲಿಲ್ಲ. ಐದು ಮೆಟ್ಟಿಲು, ಒಂದು ಚಪ್ಪಡಿ. ಕಡಿದ ಹೊಂಗೆಯ ಕೊಂಬೆಯ ಬುಡದಲ್ಲಿ ಚಿಗುರು ಬಂದಿತ್ತು. ನಾನು ಇವನ್ನೆಲ್ಲ ಎಣಿಸಿಕೊಂಡೆ, ಎಷ್ಟು ಬಲಕ್ಕೆ, ಎಷ್ಟು ಎಡಕ್ಕೆ ಎಂದು ನೋಡಿಕೊಂಡೆ. ಅವ್ವ ನ್ಯಾಯವಾಗಿ ತನ್ನದೇ ಎನ್ನುವ ಹಾಗೆ ಮೂರನೆಯ ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿಗೆ ಬಿಟ್ಟಳು. ನನ್ನನ್ನೂ ಪಕ್ಕಕ್ಕೆ ಎಳೆದು ಕೂರಿಸಿದಳು. ಕೂತವಳು ಮಾತಾಡತೊಡಗಿದಳು. ನನ್ನ ಜೊತೆಗಲ್ಲ. ನಿನ್ನೆ ಸುಣ್ಣ ಬಳಿದದ್ದು, ನಡುಮನೆಗೆ ಇನ್ನೂ ಬಳಿಯಬೇಕಾದದ್ದು, ಅಜ್ಜಿಗೆ ಮಂಡಿ ನೋವು ಜಾಸ್ತಿಯಾದದ್ದು, ಸೀಮೆಹಸು ಕರು ಹಾಕಿದ್ದು, ಕರುವಿನ ಹಣೆಯ ಮೇಲೆ ಬಿಳಿ ಚುಕ್ಕೆ ಇರುವುದು. ಮನೆಯಲ್ಲಿ ಎರಡು ವರ್ಷದಿಂದ ಊಂ, ಇಲ್ಲ ಎಂದಷ್ಟೇ ಅಂದವಳು ಅಲ್ಲಿ ಗಳಗಳ ಮಾತಾಡುತ್ತಿದ್ದಳು, ಮೊದಲಿನ ದನಿಯಲ್ಲಿ, ಜಗಳ ಆಡುತ್ತಿದ್ದ ಕಾಲದ ದನಿಯಲ್ಲಿ. ನಾನು ಬೆರಗಾಗಿ ಅವಳ ಮುಖವನ್ನೇ ನೋಡಿದೆ. ಆಮೇಲೆ ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟು ನೀರಿನ ಕಡೆ ನೋಡಿಕೊಂಡು, "ಇವತ್ತು ನಿಮ್ಮಕ್ಕ ಬಂದವ್ಳೆ ನೋಡು" ಅಂದಳು.

ಅವ್ವ ಮೊಣಕೈಯಿಂದ ನನ್ನ ಪಕ್ಕೆ ತಿವಿದಳು.

"ಮಾತಾಡ್ಸಮ್ಮಿ ಅವಳ್ನ. ದಿನಾ ನಿನ್ನೇ ಕೇಳ್ತಾಳೆ."